ಸಿಂದಗಿಯ ಮೈದಾನದಲ್ಲಿ ಹಾಲೆಂಡ್ ಆಟ

ಚೆಂಡನ್ನು ಒಮ್ಮೆಯೂ ನೆಟ್ಟಗೆ ಒದ್ದು ಗೊತ್ತಿಲ್ಲದವರೇ ಫುಟ್‌ಬಾಲ್ ತಂತ್ರದ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಹಾಗೆ ಮಾತಾಡುವವರಲ್ಲಿ ನಾನೂ ಒಬ್ಬ. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿಕೊಂಡು ತೆಪ್ಪಗಿದ್ದವನಿಗೆ, ತೊಂಬತ್ತರ ದಶಕದ ಕೊನೆಯ ವಿಶ್ವಕಪ್ ನೋಡಿ ಹಾಲೆಂಡ್ ತಂಡದ ಹುಚ್ಚು ಹಿಡಿಯಿತು. ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು ಎಂಬುದು ಅವರ ಹಳೆಯ ವ್ಯೂಹವಂತೆ. ಸ್ವಾರಸ್ಯ ಅದರಲ್ಲಿಲ್ಲ. ಅಲ್ಲಿ ಯಾವ ಜಾಗವೂ ಯಾರಪ್ಪನ ಆಸ್ತಿಯಲ್ಲ. ಹಿಂದಿನವನು ಮುಂದೆ ನುಗ್ಗಿದರೆ ನಡುವಿನವನು ಸರಿದು ಆ ಜಾಗ ತುಂಬುತ್ತಾನೆ.

ಇದನ್ನು ಸಿಂದಗಿಯ ನನ್ನ ಮಾವನವರಿಗೆ ವಿವರಿಸಲು ಹೋದೆ. ಅವರು ಪ್ರಾಯದಲ್ಲಿ ಇಂಡಿ, ಬಾಗೇವಾಡಿ ಕಡೆಯೆಲ್ಲ ಹೆಸರು ಮಾಡಿದ್ದ ಕಬಡ್ಡಿ ಆಟಗಾರರು. ಗೊಳಸಂಗಿಯಲ್ಲಿ ಕಮತ ಮಾಡಿಕೊಂಡಿದ್ದ ದೊಡ್ಡ ಅಳಿಯ ಬಂದರೆ ‘ಬರ್ರಿ ಅಳಿಯಂದಿರ’ ಎನ್ನುವರು. ನಾನು ಬಂದರೆ ‘ಬರ್ರಿ ಮಾಸ್ತರ’. ಮದುವೆಯಾಗಿ ವರ್ಷಗಳಾದರೂ ನಾನು ಆ ಮನೆಗೆ ಪಾಠ ಹೇಳಲು ಬಂದವನಂತೆಯೇ ಉಳಿದಿದ್ದೆ. ಒಮ್ಮೆಯಾದರೂ ಅವರ ಬಾಯಿಂದ ಅಳಿಯ ಎನ್ನಿಸಿಕೊಳ್ಳಬೇಕೆಂದು ಜೀವ ಒದ್ದಾಡುತ್ತಿತ್ತು. ಗಂಗಾಳದಲ್ಲಿ ಶೇಂಗಾ ಕಾಳು ಜೋಡಿಸಿ ವ್ಯೂಹ ತೋರಿಸಿದೆ. ಅವರು ಗಂಭೀರವಾಗಿ ಕೇಳುತ್ತ ಗೋಲ್‌ಕೀಪರನನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

“ಹೇಳೂದೆಲ್ಲಾ ಬರೋಬರಿ ಐತ್ರಿ ಮಾಸ್ತರ. ಆಡಿಸಿ ತೋರಸ್ರಿ ನೋಡೂಣು.”

ಹಾಗೇ ಆಯಿತು. ಸಿಂದಗಿ ಕಾಲೇಜಿನ ಜೊತೆ ಪಂದ್ಯ ಗೊತ್ತಾದಾಗ, ಸ್ಟಾಫ್ ರೂಮಿನಲ್ಲಿ ನನ್ನ ಕೊರೆತ ಸಹಿಸಿದ್ದ ಪ್ರಾಂಶುಪಾಲರು ತಂಡವನ್ನು ನನ್ನ ಕೊರಳಿಗೇ ಕಟ್ಟಿದರು. ನಮ್ಮ ಹುಡುಗರೆಲ್ಲ ಕಬಡ್ಡಿಯವರು. ಕರಿಹಲಗೆಯ ಮೇಲೆ ಬಾಣ ಬರೆಬರೆದು ಒಂದೇ ಮಂತ್ರ ಹೇಳಿಕೊಟ್ಟೆ: ಒಬ್ಬ ಜಾಗ ಬಿಟ್ಟರೆ ಇನ್ನೊಬ್ಬ ತುಂಬಬೇಕು. ಆಟದ ನಿಯಮ ಹೇಳಿಕೊಡಲಿಲ್ಲ. ಅದು ಯಾರಿಗೆ ಗೊತ್ತಿರುವುದಿಲ್ಲ!

ಪಂದ್ಯದ ದಿನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮಾವನವರು ಮೈದಾನದ ಅಂಚಿನಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಸಿಂದಗಿಯ ಹುಡುಗನೊಬ್ಬ ನಮ್ಮವನ ಭುಜ ಸವರಿಕೊಂಡು ಚೆಂಡಿನೊಂದಿಗೆ ಪಾರಾದ. ನಮ್ಮವನು ಬೆನ್ನಟ್ಟಲಿಲ್ಲ. ಶಾಂತವಾಗಿ ಗೆರೆ ದಾಟಿ ಬಂದು ಹೊರಗೆ ಕುಳಿತ. ಕಾಲು ಉಳುಕಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಇನ್ನೊಬ್ಬ ಬಂದು ಅವನ ಪಕ್ಕ ಕುಳಿತ. ಹಿಂದೆಯೇ ಮತ್ತೊಬ್ಬ.

“ಯಾಕ್ರೋ, ಏನಾತು?”

“ಔಟ್ ಆಗೇವ್ರಿ ಸರ್. ಮುಟ್ಟಿ ಪಾರಾದ್ರಲ್ರಿ ಅವರು.”

“ಇದು ಕಬಡ್ಡಿ ಅಲ್ಲಲೇ! ಅಲ್ಲಿ ಜಾಗಾ ಖಾಲಿ ಬಿದ್ದೈತಿ!”

“ನೀವ ಹೇಳೀರಲ್ರಿ, ಒಬ್ಬ ಜಾಗಾ ಬಿಟ್ರ ಇನ್ನೊಬ್ಬ ತುಂಬತಾನಂತ.”

ಹಾಲೆಂಡಿನವರು ಈ ಮಾತಿಗೆ ಏನು ಉತ್ತರ ಕೊಡುತ್ತಿದ್ದರೋ ಕಾಣೆ. ಗೋಲುಗಳು ಸಾಲಾಗಿ ಬಿದ್ದವು. ನಡುವೆ ಹೇಗೋ ನಮ್ಮದೂ ಒಂದು ಬಿತ್ತು. ಕೂಡಲೇ ಮೊದಲು ಕುಳಿತವನು, ಕಬಡ್ಡಿಯಲ್ಲಿ ಅಂಕ ಬಂದಾಗಿನಂತೆ, ತನಗೆ ಜೀವ ಬಂತೆಂದು ತೊಡೆ ತಟ್ಟಿಕೊಂಡು ಮತ್ತೆ ಒಳಗೆ ಹೋದ. ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತು. ಮಾವನವರೊಬ್ಬರು ನಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಮಾವನವರ ಮನೆಯಲ್ಲಿ, ತಪ್ಪು ತಂತ್ರದ್ದಲ್ಲ ಎಂದು ನಾನು ಮತ್ತೆ ಶುರುಮಾಡಿದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು:

“ನೀವ ಔಟ್ ಆಗಿ ಭಾಳ ಹೊತ್ತಾತು. ಹೊರಗ ಹೋಗಿ ಕುಂದರ್ರಿ.”

ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ. ನಾಚಿಕೆಯಿಂದ ಅಳುವೇ ಬಂದಂತಾಗಿತ್ತು. ಸ್ವಲ್ಪ ಹೊತ್ತಿಗೆ ಮಾವನವರು ಬಂದು ಪಕ್ಕದಲ್ಲಿ ಕುಳಿತರು.

“ಮಂದಿ ನಕ್ಕರ ನಗಲಿ ಬಿಡ್ರಿ. ನಾನೂ ಭಾಳ ಆಟ ಆಡೇನಿ. ಔಟ್ ಆದವ ಜಗಳಾ ತಗೀಲಾರದ ತಾನಾಗೇ ಎದ್ದು ಹೋಗೂದು ಇವತ್ತ ಮೊದಲ ಸಲ ನೋಡಿದೆ. ಹುಡುಗರಿಗೆ ಛಲೋ ಕಲಿಸೀರಿ.”

ನಾನು ಕಲಿಸಿದ್ದು ಅದಲ್ಲ ಎನ್ನಲು ಬಾಯಿ ತೆರೆದೆ.

“ಏಳ್ರಿ ಅಳಿಯಂದಿರ, ರೊಟ್ಟಿ ಆರತಾವು” ಅಂದರು.

ತೆರೆದ ಬಾಯಿ ಮುಚ್ಚಿದೆ. ಎದ್ದು, ಅವರಿಗೆ ಕೇಳದಂತೆ ತೊಡೆ ತಟ್ಟಿಕೊಂಡು ಒಳಗೆ ಹೋದೆ.