ಫರಸಿಯಡಿಯ ಬಿದಿರು

ಕೆಲವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಹೆದರಿಕೆ ಬರುತ್ತದೆ. ಒಂದನ್ನು ಕಳಿಸಿ ಬಾಗಿಲು ಹಾಕುವಷ್ಟರಲ್ಲಿ ಇನ್ನೊಂದು ಹಾಜರು. ಹೆಚ್ಚಿನವನ್ನು ನಾನೇ ಕರೆದು ತಂದಿದ್ದೇನೆ. ಬಿದಿರು ಅಂಥದ್ದು.

೧. ಟಪ್ಪೆಂದ ಸದ್ದು

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದಲ್ಲಿ ನಮ್ಮದೊಂದು ಸಣ್ಣ ರೋಹೌಸ್. ಎದುರಿನ ಕಟ್ಟಡದವರಿಗೆ ನಮ್ಮ ಹಾಲ್ ಕಾಣದಿರಲಿ ಎಂದು ಕಂಪೌಂಡಿನ ಬದಿಗೆ ಬಿದಿರು ನೆಟ್ಟೆ. ಒಮ್ಮೆ ನೆಟ್ಟರೆ ಸಾಕು, ಆಮೇಲೆ ಅದರ ದಾರಿ ಅದೇ ನೋಡಿಕೊಳ್ಳುತ್ತದೆ ಎಂದಿದ್ದ ನರ್ಸರಿಯವನು.

ಮೂರನೆಯ ಮಳೆಗಾಲ. ಭಾನುವಾರ ಊಟಕ್ಕೆ ಕೂತಿದ್ದಾಗ ಹಾಲ್ ಕಡೆಯಿಂದ ಟಪ್ಪೆಂದು ಸದ್ದಾಯಿತು. ನಮ್ಮ ಕಡೆ ಸದ್ದಾದರೆ ಮೊದಲು ನೆನಪಾಗುವುದು ಕಾರ್ಖಾನೆಯ ಬಾಯ್ಲರ್. ಅಮ್ಮನನ್ನು ಎಬ್ಬಿಸಿಕೊಂಡು ಎಂಜಲು ಕೈಯಲ್ಲೇ ರಸ್ತೆಗೆ ಓಡಿದೆವು. ನಮ್ಮನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಇಡೀ ಗಲ್ಲಿ. ಎಷ್ಟು ಹೊತ್ತು ನಿಂತರೂ ಹೊಗೆ ಇಲ್ಲ. ಮೆಲ್ಲಗೆ ಒಳಗೆ ಹೋಗಿ ನೋಡಿದರೆ, ಸೋಫಾದ ಪಕ್ಕ ನೆಲಕ್ಕೆ ಹಾಸಿದ ಫರಸಿ ಕಲ್ಲು ಎದ್ದು ಅಡಿಯಿಂದ ಬಿದಿರಿನ ಚೂಪು ಕಣಿಲೆ ಇಣುಕುತ್ತಿತ್ತು. ನಾಚಿಕೆಯಾಗಿ ಹೊರಗಿನವರಿಗೆ ಕುಕ್ಕರ್ ಸಿಡಿಯಿತು ಎಂದೆ.

ಸಂಜೆಯೊಳಗೆ ಮೂರು ಮನೆಯವರು ಒಳ್ಳೆಯ ಕುಕ್ಕರಿನ ಹೆಸರು ಬರೆದುಕೊಟ್ಟರು.

೨. ಮೋರಿಯ ಹಾವು

ಪಕ್ಕದ ಮನೆಯ ಕಾಕಾ ವಿಜಯಪುರದ ಕಡೆಯವರು. ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ. ಒಂದು ಬೆಳಿಗ್ಗೆ ಮೈತುಂಬ ಸಾಬೂನು ಇದ್ದಂತೆಯೇ ಟವೆಲ್ ಸುತ್ತಿ ನಮ್ಮ ಬಾಗಿಲಿಗೆ ಬಂದರು.

"ಸರ, ಬಚ್ಚಲ ಮೋರಿಯಾಗ ಹಾವು ಹೆಡಿ ಎತ್ತೈತ್ರಿ."

ಹಾವು ಹಿಡಿಯುವವನನ್ನು ಕರೆಸಿದೆವು. ಅವನು ಬಚ್ಚಲಿಗೆ ಹೋಗುವಾಗ ನಾವಿಬ್ಬರೂ ಒಂದೇ ಕುರ್ಚಿಯ ಮೇಲೆ ನಿಂತಿದ್ದೆವು. ತುಸು ಹೊತ್ತಿಗೆ ಹೊರಗೆ ಬಂದು, ಅದು ಹಾವಲ್ಲ, ಬಿದಿರು ಎಂದ. ಕಾಕಾ ಉಸಿರು ಬಿಟ್ಟರು. ನನ್ನ ಉಸಿರು ನಿಂತಿತು.

ಅವನು ಚೀಲ ಹೆಗಲಿಗೇರಿಸಿ ಹೇಳಿದ: "ಹಾವಾಗಿದ್ದರೆ ಒಯ್ಯುತ್ತಿದ್ದೆ. ಇದು ಹೋಗೋದಲ್ಲ."

೩. ಬೇರಿನ ಜಾಡು

ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೂ ಕಾಕಾನ ಮನೆಗೂ ನಡುವಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ದಿನಾ ಬೆಳಿಗ್ಗೆ ಎದ್ದವನೇ ಅದಕ್ಕೆ ಬೆರಳು ತೂರಿಸಿ ನೋಡುತ್ತಿದ್ದೆ. ಗೋಡೆ ಬೀಳುವ ಭಯ ಒಂದು ಕಡೆ, ಕಾಕಾನ ಸ್ನೇಹ ಬೀಳುವ ಭಯ ಇನ್ನೊಂದು ಕಡೆ. ಅಮ್ಮ ಬಿದ್ದು ಕಾಲು ಮುರಿದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದವರು ಅವರು. ಕೊನೆಗೊಂದು ದಿನ ಹೋಗಿ, ಎಲ್ಲಾ ನನ್ನ ಬಿದಿರಿನ ಕೆಲಸ ಎಂದು ಒಪ್ಪಿಕೊಂಡೆ.

ಕಾಕಾ ತಲೆ ತಗ್ಗಿಸಿದರು. "ನಿಮ್ಮ ಬಿದಿರು ಚಂದ ಕಾಣ್ತಿತ್ರಿ. ಬುಡ ಸಮೇತ ಒಂದು ಕೋಲು ಕೇಳದ ಕಿತ್ಕೊಂಡು ಬಂದು ನಾನೂ ನಮ್ಮ ಹಿತ್ತಲದಾಗ ಹಚ್ಚೀನಿ. ಕಿಟಕ್ಯಾಗಿಂದ ನಿಮ್ಮ ಫರಸಿ ಎದ್ದದ್ದು ನೋಡಿದಾಗಿಂದ ನನಗ ಊಟ ಸೇರವಲ್ದು."

ಕುಕ್ಕರ್ ಎಂದಿದ್ದನ್ನು ಅವರು ನಂಬಿರಲೇ ಇಲ್ಲ.

ಇಬ್ಬರೂ ಸೇರಿ ಅಗೆಯುವವನನ್ನು ಕರೆಸಿದೆವು. ಅವನು ಬೇರಿನ ಜಾಡು ಹಿಡಿದು ನಮ್ಮ ಅಂಗಳ ದಾಟಿದ, ಕಾಕಾನ ಹಿತ್ತಲು ದಾಟಿದ, ಹಿಂದಿನ ಮನೆಯ ಗೋಡೆಗೆ ಬಂದು ನಿಂತ. ಬೇರು ಒಳಗೆ ಹೋಗಿತ್ತು. ಅದು ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ ಮನೆ. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟರೂ ನೋಟಿಸ್ ಕೊಡುವ ಮನುಷ್ಯ.

ನಿಜ ಹೇಳಿಬಿಡೋಣ ಎಂದು ಇಬ್ಬರೂ ಹೊರಟೆವು. ಚಪ್ಪಲಿ ಕೈಯಲ್ಲೇ ಹಿಡಿದು ಗಂಟೆ ಒತ್ತಿದೆ. ಬಾಗಿಲು ತೆರೆದ ಚೇರ್ಮನ್, ನಾವು ಬಾಯಿ ಬಿಡುವ ಮೊದಲೇ, ಅಡುಗೆಮನೆಯಲ್ಲಿ ಎರಡು ಫರಸಿ ಎದ್ದಿವೆ, ಇಲಿ ಕೊರೆದಿರಬಹುದೇ ಎಂದು ಕೇಳಿದರು.

ನಾನು ಕಾಕಾನ ಮುಖ ನೋಡಿದೆ.

"ದೊಡ್ಡ ಇಲಿ ಇರಬೇಕ್ರಿ," ಎಂದರು ಕಾಕಾ.