ಲ್ಯಾಬಿಗೆ ಬೇರೆ ಹೆಸರು ಬರೆಸಬೇಕು

ನಂಬರ್ ಹಾಕಿಬಿಟ್ಟರೆ ಗೊಂದಲ ಇರುವುದಿಲ್ಲ ಎಂದು ನಂಬಿದವರು ಒಂದು ದಿನ ಬಂದು ನನ್ನ ಮೇಜಿನ ಈಚೆ ಕೂತು ನೋಡಬೇಕು. ಒಂದಾದರೂ ಗೊಂದಲ ನಡೆಯದ ದಿನ ನನಗೆ ಆಫೀಸಿನ ಚಹಾ ಕೂಡ ಸಪ್ಪೆ ಅನಿಸುತ್ತದೆ.

ಒಂದು ಕಡೆ ಕಾಲೂರಿ ಗೊತ್ತಿಲ್ಲದವಳು ನಾನು. ಮಸ್ಕತ್, ದಾರ್ ಎಸ್ ಸಲಾಮ್, ಪೆನಾಂಗ್ ಎಲ್ಲ ಸುತ್ತಿ ಈಗ ಕುವೈತ್‌ನ ಒಂದು ಖಾಸಗಿ ಕಾಲೇಜಿನಲ್ಲಿದ್ದೇನೆ. ಎರಡು ವರ್ಷದ ಡಿಪ್ಲೊಮಾ ಕೊಡುವ ಕಾಲೇಜು. ಯಾರು ಯಾವ ಕೋರ್ಸ್ ತೆಗೆದುಕೊಳ್ಳಬೇಕು ಎಂದು ಹೇಳುವುದು ನನ್ನ ಕೆಲಸ. ಪದ್ಧತಿ ಅಮೆರಿಕದ್ದು. ಪ್ರತಿ ಕೋರ್ಸಿಗೂ ಮೂರಂಕಿಯ ನಂಬರ್. ನೂರರ ಮೇಲಿನವು ಮೊದಲ ವರ್ಷದವು, ಇನ್ನೂರರ ಮೇಲಿನವು ಎರಡನೆಯ ವರ್ಷದವು. ವಾರಕ್ಕೊಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್. ಅರವತ್ತು ಕ್ರೆಡಿಟ್ ಕೂಡಿದರೆ ಡಿಪ್ಲೊಮಾ. ಇಷ್ಟನ್ನು ನಾನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ. ಕೇಳುವವರು ಮಾತ್ರ ಅದನ್ನು ತಮ್ಮ ತಮ್ಮ ಮನೆಯ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ.

ಒಂದರಿಂದ ಶುರು

ಅವರನ್ನು ಎಲ್ಲರೂ ಬಾಯಮ್ಮ ಎನ್ನುತ್ತಿದ್ದರು. ಮಂಗಳೂರು ಕಡೆಯ ಕೊಂಕಣಿ ಹೆಂಗಸು, ವಾಸ ಫರ್ವಾನಿಯಾ, ಕೆಲಸ ಫಿಂಟಾಸಿನ ಒಂದು ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ. ವಯಸ್ಸು ಐವತ್ತು ದಾಟಿತ್ತು. ಅಲ್ಲಿನ ಹೆಡ್ ರಿಸೆಪ್ಷನಿಸ್ಟ್ ಇನ್ನೆರಡು ವರ್ಷಕ್ಕೆ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು. ಆ ಜಾಗಕ್ಕೆ ಡಿಪ್ಲೊಮಾ ಬೇಕು ಎಂದು ಮ್ಯಾನೇಜರ್ ಹೇಳಿದ್ದನಂತೆ. ಇಲ್ಲದಿದ್ದರೆ ಅದು ಪಕ್ಕದ ಕುರ್ಚಿಯ ಹುಡುಗಿಗೆ.

"ಆ ಹುಡುಗಿಗೆ ಫೋನ್ ಎತ್ತಿ 'ಗುಡ್ ಮಾರ್ನಿಂಗ್' ಹೇಳ್ಲಿಕ್ಕೆ ಕಲಿಸಿದ್ದೇ ನಾನು ಮೇಡಂ. ನಾಳೆ ಅವಳ ಹತ್ರ ರಜೆ ಕೇಳುದು ಹೇಗೆ?" ಎಂದರು ಬಾಯಮ್ಮ.

ನಾನು ಇಂಗ್ಲಿಷ್ 101, ಕಂಪ್ಯೂಟರ್ 110 ಎಂದು ಕೋರ್ಸುಗಳನ್ನು ತೋರಿಸಿದೆ. ಅವರು ಸ್ಕ್ರೀನಿನ ಮೇಲೆ ಬೆರಳಿಟ್ಟರು.

"ನೂರ ಒಂದಕ್ಕಿಂತ ಮೊದಲು ನೂರು ಉಂಟಲ್ವಾ ಮೇಡಂ? ನಾನು ಒಂದರಿಂದಲೇ ಶುರು ಮಾಡ್ತೇನೆ. ಕ್ಯೂವಿನಲ್ಲಿ ಮಧ್ಯದಿಂದ ನುಗ್ಗುವ ಅಭ್ಯಾಸ ನಮಗಿಲ್ಲ."

ಒಂದರಿಂದ ತೊಂಬತ್ತರವರೆಗೆ ಏನೂ ಇಲ್ಲ, ಬರೀ ಖಾಲಿ ಎಂದು ನಂಬಿಸಲು ಸಾಕುಬೇಕಾಯಿತು. ಅಷ್ಟರಲ್ಲಿ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ಅವರಿಗೆ ಸಿಕ್ಕಿದ್ದು 099. ಶಾಲೆಯ ಗಣಿತ ಮರೆತವರನ್ನು ದಾರಿಗೆ ತರುವ ಕೋರ್ಸ್ ಅದು. ತಪ್ಪದೆ ಬರಬೇಕು, ಹೋಂವರ್ಕ್ ಮಾಡಬೇಕು, ಪರೀಕ್ಷೆ ಬರೆದು ಪಾಸಾಗಬೇಕು. ಆದರೆ ಕ್ರೆಡಿಟ್ ಸೊನ್ನೆ. ಅರವತ್ತರ ಲೆಕ್ಕಕ್ಕೆ ಸೇರುವುದಿಲ್ಲ.

ಈ ಸುದ್ದಿ ಹೇಳಿದಾಗ ಸಾಮಾನ್ಯವಾಗಿ ಜನ ಜಗಳಕ್ಕೆ ಬರುತ್ತಾರೆ. ಬಾಯಮ್ಮ ಬರಲಿಲ್ಲ.

"ದಿನಾ ಮಾಡ್ಬೇಕು, ತಪ್ಪಿಸ್ಲಿಕ್ಕಿಲ್ಲ, ಲೆಕ್ಕಕ್ಕೂ ಇಲ್ಲ. ಅಷ್ಟೇ ಅಲ್ವಾ? ಮನೆಯಲ್ಲಿ ಮದುವೆಯಾದಾಗಿನಿಂದ ಅದೇ ಕೋರ್ಸ್ ಮಾಡ್ತಾ ಇದ್ದೇನೆ, ಬರೆದುಕೊಳ್ಳಿ."

ಶುಕ್ರವಾರದ ಓವರ್‌ಟೈಮ್

ಬಾಯಮ್ಮನ ಗಂಡ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಟೈಮ್‌ಕೀಪರ್. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡುವುದೇ ಅವರ ಉದ್ಯೋಗ. ಹೆಂಡತಿಯನ್ನು ಕಾಲೇಜಿಗೆ ಬಿಟ್ಟು ಕಾರಿನಲ್ಲೇ ಕಾಯುತ್ತಿದ್ದ ಮನುಷ್ಯ ಒಂದು ಸಂಜೆ ನೇರವಾಗಿ ನನ್ನ ಮೇಜಿಗೆ ಬಂದರು.

"ಮೇಡಂ, ಒಂದು ಕಂಪ್ಲೇಂಟ್ ಅಂತ ಅಲ್ಲ, ಒಂದು ಡೌಟ್. ಧೂಳು ಬಿರುಗಾಳಿಗೆ ರಜೆ ಕೊಟ್ರಲ್ಲ, ಆ ಕ್ಲಾಸನ್ನು ಶುಕ್ರವಾರ ತಗೊಂಡ್ರು. ಹೌದಾ?"

"ಹೌದು."

"ಶುಕ್ರವಾರ ವಾರದ ರಜೆ. ರಜೆ ದಿನ ಕೂರಿಸಿದ್ರೆ ಒಂದೂವರೆ ಪಟ್ಟು. ಇದು ನಾನು ಹೇಳುದಲ್ಲ, ಇಡೀ ಕುವೈತ್ ಹೇಳುದು. ಮತ್ತೆ ಇವಳಿಗೆ ಆ ದಿನದ ಮೂರು ಗಂಟೆಗೆ ನಾಲ್ಕೂವರೆ ಗಂಟೆಯ ಕ್ರೆಡಿಟ್ ಬರ್ಬೇಕಲ್ಲ?"

ಕ್ರೆಡಿಟ್ ಸಿಗುವುದು ಕಲಿತದ್ದಕ್ಕೆ, ಕೂತದ್ದಕ್ಕಲ್ಲ ಎಂದು ವಿವರಿಸಿದೆ.

"ಹಾಗಾದ್ರೆ ಅದನ್ನು 'ಕ್ರೆಡಿಟ್ ಅವರ್', ಗಂಟೆ ಅಂತ ಯಾಕೆ ಹೇಳ್ತೀರಿ?"

ನಮ್ಮ ರಿಜಿಸ್ಟ್ರಾರ್ ಕೈರೋದವರು, ಎಂಥ ತಕರಾರನ್ನೂ ಎರಡು ನಿಮಿಷದಲ್ಲಿ 'ಖಲಾಸ್' ಮಾಡುವವರು. ಅವರ ಬಳಿ ಕರೆದುಕೊಂಡು ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಟೈಮ್‌ಕೀಪರ್‌ಗೆ ಚಹಾ ಕೊಟ್ಟು ಕೈಮುಗಿದು ಕಳಿಸಿದರು.

"ಬಾಗಿಲು ಯಾಕೆ ಸಾರ್?" ಎಂದೆ ಆಮೇಲೆ.

"ಶುಕ್ರವಾರ ಪಾಠ ಮಾಡಿದ ಮೇಷ್ಟ್ರು ಪಕ್ಕದ ಕೋಣೆಯಲ್ಲೇ ಇದ್ದಾರಮ್ಮ. ಇದು ಅವರ ಕಿವಿಗೆ ಬಿದ್ದರೆ?"

ಎಂಟು ಎಂಬ ಶನಿ

ಇದು ಬೇರೆಯವರ ಕಥೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋದೀತು.

ಮೈದಾನ್ ಹವಲ್ಲಿಯಲ್ಲಿ ಹೋಟೆಲ್ ಇಟ್ಟುಕೊಂಡ ತುಳುವರೊಬ್ಬರು. ಅವರ ಮಗನಿಗೆ ಅಕೌಂಟಿಂಗ್ 206 ಕೊಟ್ಟಿದ್ದೆ. ಊರಿನ ಜ್ಯೋತಿಷಿಗೆ ಫೋನ್ ಮಾಡಿ ಮುಗಿಸಿಯೇ ನನಗೆ ಮಾಡಿದರು.

"ಮೇಡಂ, ಎರಡು, ಸೊನ್ನೆ, ಆರು. ಕೂಡಿಸಿದ್ರೆ ಎಂಟು. ಎಂಟು ಅಂದ್ರೆ ಶನಿ. 207 ಕೊಡಿ, ಅದು ಒಂಬತ್ತು, ಕುಜ. ಅವನು ಹೇಗೂ ಸಂಭಾಳಿಸ್ತಾನೆ."

"206 ಆಗದೆ 207 ಇಲ್ಲ ಸಾರ್. ಇದು ಮೆಟ್ಟಿಲಿದ್ದ ಹಾಗೆ."

"ಹಾಗಾದ್ರೆ ಬೋರ್ಡಿನಲ್ಲಿ ನಂಬರ್ ಮಾತ್ರ ಬದಲಾಯಿಸಿ ಮಾರಾಯ್ರೆ, ಪಾಠ ಅದೇ ಇರ್ಲಿ. ನಮ್ಮ ಹೋಟೆಲಲ್ಲಿ ಎಂಟನೇ ಟೇಬಲ್ ಇಲ್ಲ. ಏಳಾದ ಮೇಲೆ ಒಂಬತ್ತು. ಊಟ ಮಾಡಿದವರಿಗೆ ಏನಾದ್ರೂ ಕಡಿಮೆ ಆಗಿದ್ಯಾ?"

ನಂಬರ್ ಬದಲಾಗಲಿಲ್ಲ. ಹುಡುಗ 206ಕ್ಕೇ ಹೋದ. ಸಾಲದ್ದಕ್ಕೆ ಅವನಿಗೆ ಬಿದ್ದದ್ದು ಎಂಟನೇ ಸೆಕ್ಷನ್, ಎಂಟನೇ ನಂಬರಿನ ಕೋಣೆ. ತಂದೆ ಸೆಮಿಸ್ಟರ್ ಪೂರ್ತಿ ಶನಿವಾರ ಒಪ್ಪತ್ತು ಮಾಡಿದರು. ಕೊನೆಗೆ ಹುಡುಗನಿಗೆ ಎ ಗ್ರೇಡ್ ಬಂತು. ಈಗಲಾದರೂ ಒಪ್ಪಿಯಾರೆಂದು ನಾನೇ ಫೋನ್ ಮಾಡಿದೆ.

"ಮತ್ತೆ ಬಾರದೆ?" ಎಂದರು. "ಮೂರು ಎಂಟು ಇಪ್ಪತ್ನಾಲ್ಕು. ಎರಡೂ ನಾಲ್ಕೂ ಆರು. ಶುಕ್ರ! ನೀವು ಮೊದಲೇ ಹೇಳಿದ್ರೆ ನಾನು ಉಪವಾಸ ಕೂರ್ತಾ ಇರ್ಲಿಲ್ಲ."

ಮಜ್ಜಿಗೆಗೆ ಬೇರೆ ಎಲೆ

ಬಾಯಮ್ಮ ಬಿಡದೆ ಓದಿದರು. ಬೆಳಿಗ್ಗೆ ಕ್ಲಿನಿಕ್, ಸಂಜೆ ಕಾಲೇಜು. ಕೊನೆಯ ಸೆಮಿಸ್ಟರ್ ಶುರುವಾಗುವ ವಾರ ನಾನು ಅವರ ಕ್ರೆಡಿಟ್ ಕೂಡಿಸಿದೆ. ಈ ಸೆಮಿಸ್ಟರಿನದೆಲ್ಲ ಸೇರಿಸಿದರೂ ಐವತ್ತೊಂಬತ್ತು. ಮತ್ತೆ ಕೂಡಿಸಿದೆ, ಅಷ್ಟೇ.

ತಪ್ಪು ಎಲ್ಲಿ ಎಂದು ಹುಡುಕಿದರೆ, ಕಂಪ್ಯೂಟರ್ 110. ಪಾಠಕ್ಕೊಂದು ನಂಬರ್, ಅದರ ಲ್ಯಾಬಿಗೆ ಇನ್ನೊಂದು ನಂಬರ್. ಲ್ಯಾಬಿಗೆ ಬೇರೆ ಹೆಸರು ಬರೆಸಬೇಕು, ಅದಕ್ಕೆ ಬೇರೆ ಒಂದು ಕ್ರೆಡಿಟ್. ಬಾಯಮ್ಮ ಪಾಠಕ್ಕೆ ಹೆಸರು ಬರೆಸಿದ್ದರು. ಲ್ಯಾಬಿಗೆ ಬರೆಸಿರಲಿಲ್ಲ. ಆದರೂ ಒಂದು ದಿನ ತಪ್ಪಿಸದೆ ಲ್ಯಾಬಿನಲ್ಲಿ ಕೂತು ಎಲ್ಲವನ್ನೂ ಮಾಡಿದ್ದರು. ಅಲ್ಲಿ ಹಾಜರಿ ಕರೆಯುವ ಪದ್ಧತಿಯೂ ಇರಲಿಲ್ಲ.

"ಎಂತ ಮೇಡಂ ಇದು? ಊಟಕ್ಕೆ ಕೂತವರು ಮಜ್ಜಿಗೆಗೆ ಬೇರೆ ಎಲೆ ಹಾಕ್ಲಿಕ್ಕುಂಟಾ?"

"ಆ ನಂಬರಿನಲ್ಲಿ ನಿಮ್ಮ ಹೆಸರೇ ಇಲ್ಲ ಬಾಯಮ್ಮ."

"ಅಷ್ಟು ಹೊತ್ತು ಕೂತದ್ದಕ್ಕೆ ಏನೂ ಇಲ್ವಾ?"

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ. "ಕಲಿತದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಬಾಯಮ್ಮ" ಎಂದೆ. ಹೇಳುವಾಗ ನನಗೆ ಅದು ದೊಡ್ಡ ಮಾತು ಎನಿಸಿತ್ತು. ಅವರು ನನ್ನನ್ನೊಮ್ಮೆ ನೋಡಿದರು. ಆ ನೋಟ ಇನ್ನೂ ನೆನಪಿದೆ.

ಮ್ಯಾನೇಜರ್ ಕಾಯುವವನಲ್ಲ. ಈ ಸೆಮಿಸ್ಟರಿಗೆ ಮುಗಿಯದಿದ್ದರೆ ಕುರ್ಚಿ ಆ ಹುಡುಗಿಗೆ. ಲ್ಯಾಬ್ ಈ ಸಲ ಇರಲಿಲ್ಲ. ಸಂಜೆ ಹೊತ್ತಿನಲ್ಲಿ ಒಂದೇ ಕ್ರೆಡಿಟ್ಟಿನ ಕೋರ್ಸ್ ಇದ್ದದ್ದೂ ಒಂದೇ. ನಂಬರ್ 100, 'ಕಾಲೇಜು ಜೀವನದ ಪರಿಚಯ'. ಗ್ರಂಥಾಲಯ ಎಲ್ಲಿದೆ, ಸಮಯ ಹೇಗೆ ಹೊಂದಿಸಬೇಕು ಎಂದು ಹೊಸ ಹುಡುಗರಿಗೆ ಹೇಳಿಕೊಡುವ ಕೋರ್ಸ್. ಕಲಿಸುವವಳು ನಾನೇ.

ಕಾಲೇಜು ಮುಗಿಸುತ್ತಿರುವವರು ಕಾಲೇಜಿಗೆ ಬರುವುದು ಹೇಗೆಂದು ಕಲಿಯಬಹುದೇ ಎಂದು ರಿಜಿಸ್ಟ್ರಾರ್‌ರನ್ನು ಕೇಳಿದೆ.

"ಬೇಡ ಎನ್ನುವ ನಿಯಮ ಎಲ್ಲೂ ಇಲ್ಲ. ಇಂಥದ್ದು ಯಾರಿಗೂ ಹೊಳೆದಿರಲಿಲ್ಲ ನೋಡು" ಎಂದರು. "ಖಲಾಸ್, ಸೇರಿಸು."

ಮೂರು ಗಡಿಯಾರದ ಮನೆ

ಮೊದಲ ದಿನ ಹಾಜರಿ ಕರೆದಾಗ ಗೊತ್ತಾಯಿತು, ಅದೇ ವರ್ಷ ಸೇರಿದ ಬಾಯಮ್ಮನ ಮಗಳೂ ಅದೇ ಕ್ಲಾಸಿನಲ್ಲಿದ್ದಳು. ತಾಯಿಯಿಂದ ಮೂರು ಸಾಲು ಹಿಂದೆ, ಪರಿಚಯವೇ ಇಲ್ಲದವರಂತೆ.

ಎರಡನೇ ವಾರ ಕಾಲೇಜು ಸುತ್ತಿಸುವ ಪಾಠ. ನಾನು ಗ್ರಂಥಾಲಯದ ಇತಿಹಾಸ ಹೇಳುತ್ತ ಮುಂದೆ ನಡೆದು ತಿರುಗಿ ನೋಡಿದರೆ ಹಿಂದೆ ಒಬ್ಬರೂ ಇಲ್ಲ. ಎಲ್ಲರೂ ಬಾಯಮ್ಮನ ಸುತ್ತ ನಿಂತಿದ್ದರು. ಯಾವ ಲಿಫ್ಟ್ ಮಧ್ಯದಲ್ಲಿ ನಿಲ್ಲುತ್ತದೆ, ಯಾವ ಮೇಷ್ಟ್ರ ಬಳಿ ಊಟಕ್ಕೆ ಮೊದಲು ಮಾತನಾಡಬಾರದು, ಎಲ್ಲ ಅಲ್ಲಿ ನಡೆಯುತ್ತಿತ್ತು.

ಕೊನೆಯ ಪರೀಕ್ಷೆ ಎಂದರೆ ಇಬ್ಬಿಬ್ಬರು ಜೋಡಿಯಾಗಿ ಮಾತನಾಡುವುದು. ಜೋಡಿ ಮಾಡುವುದು ಕಂಪ್ಯೂಟರ್. ಒಬ್ಬರು ಬಾರದಿದ್ದರೆ ಇಬ್ಬರಿಗೂ ಸೊನ್ನೆ. ಕಂಪ್ಯೂಟರ್ ತಾಯಿಗೆ ಮಗಳನ್ನೇ ಕೊಟ್ಟಿತು, ವಿಷಯ 'ಸಮಯ ಪಾಲನೆ'.

"ಮಿಸ್, ಪ್ಲೀಸ್, ಚೇಂಜ್ ಮಾಡಬಹುದಾ? ಶೀ ಈಸ್ ಮೈ ಮಮ್ಮಾ!"

"ಬದಲಾಯಿಸ್ಲಿಕ್ಕೆ ಆಗ್ತಿದ್ರೆ ನಾನು ಯಾವಾಗ್ಲೋ ಬದಲಾಯಿಸ್ತಿದ್ದೆ, ಕೂತ್ಕೋ" ಎಂದರು ತಾಯಿ.

ಆ ದಿನ ಬಂತು. ತಾಯಿ ಬಂದರು, ಮಗಳಿಲ್ಲ. ಎಲ್ಲ ಜೋಡಿಗಳೂ ಮುಗಿದವು. ಬಾಯಮ್ಮ ಎದ್ದು ಒಬ್ಬರೇ ಶುರು ಮಾಡಿದರು. ಮೀನು ಸಾರಿನ ಮಸಾಲೆ ಹಿಂದಿನ ದಿನವೇ ಅರೆದಿಡುವುದು, ಬಸ್ಸಿನಲ್ಲಿ ಕೂತು ಜಪಮಾಲೆ ಮುಗಿಸುವುದು ಎಂದು ಎಳೆಯುತ್ತ ಹೋದರು. ಕಣ್ಣು ಮಾತ್ರ ಬಾಗಿಲ ಮೇಲೆ. ಎರಡು ವರ್ಷದ ಓದು ಆ ಬಾಗಿಲಿನ ಹಿಡಿಕೆಗೆ ನೇತುಬಿದ್ದಿತ್ತು. ನಾನೂ ಗಡಿಯಾರ ನೋಡುವುದನ್ನು ಬಿಟ್ಟಿದ್ದೆ.

ಬೆಲ್ ಆಗುವ ಹೊತ್ತಿಗೆ ಮಗಳು ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಬಂದವಳೇ ತಾಯಿಯ ಪಕ್ಕ ನಿಂತು ಇಂಗ್ಲಿಷಿನಲ್ಲಿ ಒದರಿದಳು: "ನಮ್ಮ ಮನೆಯಲ್ಲಿ ಮೂರು ಗಡಿಯಾರ. ಡ್ಯಾಡಿಯದು ಕರೆಕ್ಟ್. ಮಮ್ಮಾ ತನ್ನದನ್ನು ಅರ್ಧ ಗಂಟೆ ಮುಂದೆ ಇಟ್ಟಿರ್ತಾರೆ. ಅದು ನನಗೆ ಗೊತ್ತು, ಹಾಗಾಗಿ ಯಾವಾಗಲೂ ಅರ್ಧ ಗಂಟೆ ಕಳೆದೇ ನೋಡ್ತೇನೆ, ಅದು ಮೂರನೆಯದು. ಇವತ್ತು ಬೆಳಿಗ್ಗೆ ನನಗೋಸ್ಕರ ಅದನ್ನು ಸರಿ ಮಾಡಿಟ್ಟಿದ್ದರು, ನನಗೆ ಹೇಳಲಿಲ್ಲ. ನಾನು ಅಭ್ಯಾಸದಂತೆ ಅರ್ಧ ಗಂಟೆ ಕಳೆದೆ. ಥ್ಯಾಂಕ್ ಯೂ."

ಸಮಯ ಪಾಲನೆಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಭಾಷಣವನ್ನು ನಾನು ಯಾವ ದೇಶದಲ್ಲೂ ಕೇಳಿಲ್ಲ. ತಾಯಿಗೆ ಎ, ಮಗಳಿಗೆ ಬಿ ಪ್ಲಸ್.

"ಬೇಜಾರು ಮಾಡ್ಬೇಡ" ಎಂದು ಬಾಯಮ್ಮ ಮಗಳ ಬೆನ್ನು ತಟ್ಟಿದರು. "ಹೊಸಬರಿಗೆಲ್ಲ ಹಾಗೇ."

ಫಿಂಟಾಸಿನಲ್ಲಿ ನಾನು

ಅರವತ್ತು ತುಂಬಿತು, ಕುರ್ಚಿ ಸಿಕ್ಕಿತು. ಕೆಲವು ತಿಂಗಳ ನಂತರ ನನ್ನ ಮೊಣಕಾಲು ಮಾತು ಕೇಳದಾಯಿತು. ನನ್ನ ಮನೆ ಇರುವುದೂ ಫಿಂಟಾಸಿನಲ್ಲೇ, ಹಾಗಾಗಿ ಬಾಯಮ್ಮನ ಕ್ಲಿನಿಕ್ಕಿಗೇ ಹೋದೆ. ಎದೆಯ ಮೇಲೆ ಹೊಸ ಹೆಸರುಪಟ್ಟಿ, ಪಕ್ಕದಲ್ಲಿ ಆ ಹುಡುಗಿ. ನನ್ನನ್ನು ಕಂಡು ಎದ್ದು ನಿಂತರು, ಕೈ ಹಿಡಿದು ಮಾತನಾಡಿಸಿದರು. ಇನ್ನೇನು ಸೀದಾ ಒಳಗೆ ಬಿಡುತ್ತಾರೆ ಎಂದುಕೊಂಡೆ.

"ಎಲುಬಿನ ಡಾಕ್ಟರ್ ಬೇಕಾ ಮೇಡಂ? ಅವರು 201. ಅದಕ್ಕೆ ಮೊದಲು ಜನರಲ್ ಡಾಕ್ಟರ್, 101. ರಕ್ತದ ರಿಪೋರ್ಟ್ ತಂದಿದ್ದೀರಾ?"

"ಇಲ್ಲ."

"ಹಾಗಾದ್ರೆ ನೀವು 099." ಟೋಕನ್ ಕೈಗಿಟ್ಟರು. "ಲ್ಯಾಬ್ ಆ ಕಡೆ."

"ಬಾಯಮ್ಮ, ನಾನು ನಿಮಗೆ ಪಾಠ ಮಾಡಿದವಳು!"

"ಅದಕ್ಕೇ ಮೇಡಂ. ನಿಮಗೆ ಬೇಗ ಅರ್ಥ ಆಗ್ತದೆ."

ಲ್ಯಾಬಿನ ಮುಂದೆ ಕೂತೆ. ನನ್ನ ನಂತರ ಬಂದವರನ್ನೆಲ್ಲ ಕರೆದರು. ಫಿಲಿಪಿನೋ ನರ್ಸ್ ನಗುತ್ತಲೇ ನನ್ನನ್ನು ದಾಟಿ ದಾಟಿ ಹೋದಳು. ಗೋಡೆಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಮುಗಿದು ಸುದ್ದಿ ಶುರುವಾಯಿತು, ಸುದ್ದಿಯೂ ಮುಗಿಯಿತು. ಕುಂಟುತ್ತ ಕೌಂಟರಿಗೆ ವಾಪಸ್ ಬಂದೆ.

ಬಾಯಮ್ಮ ಸ್ಕ್ರೀನ್ ನೋಡಿದರು. ನಿಧಾನವಾಗಿ ಕನ್ನಡಕ ತೆಗೆದರು.

"ಲ್ಯಾಬಿಗೆ ಬೇರೆ ಹೆಸರು ಬರೆಸಿಲ್ವಾ ಮೇಡಂ?"

"ಅಷ್ಟು ಹೊತ್ತು ಕೂತದ್ದಕ್ಕೆ ಏನೂ ಇಲ್ವಾ?" ಎಂದೆ.

ಈ ಪ್ರಶ್ನೆಗಾಗಿ ಅವರು ಎಷ್ಟು ದಿನದಿಂದ ಕಾದಿದ್ದರೋ ಗೊತ್ತಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು, ಬಹಳ ಮೃದುವಾಗಿ ಹೇಳಿದರು:

"ಕಲಿತದ್ದನ್ನು ಯಾರೂ ಕಿತ್ತುಕೊಳ್ಳುದಿಲ್ಲ ಮೇಡಂ."