ಅತ್ತೆಯವರು ಮುಟ್ಟದ ಹಣ್ಣಿನ ಸಾಬುದಾಣಿ

"೧೯೬೧, ಮೇ ೭, ರವಿವಾರ. ಐಸು ವಿಜಾಪುರ ಬಿಟ್ಟಿತು. ತಿಕೋಟಾ ಮುಟ್ಟಲಿಲ್ಲ."

ನನ್ನ ಹಳೆಯ ಡೈರಿಯಲ್ಲಿ ಆ ದಿನ ಇಷ್ಟೇ ಇದೆ. ಅತ್ತೆಯವರಿಗೆಂದು ಹಣ್ಣಿನ ಸಾಬುದಾಣಿ ಮಾಡಲು ಹೊರಟಾಗಲೆಲ್ಲ ನಮ್ಮಲ್ಲಿ ಇಂಥದೊಂದು ಆಗದೆ ಇರುತ್ತಿರಲಿಲ್ಲ. ಬೇಯಿಸಿದ ಸಾಬುದಾಣಿ ಎಂದರೆ ಸಬ್ಬಕ್ಕಿ, ಕಾಯಿಸಿ ಆರಿಸಿದ ಹಾಲು, ಸಕ್ಕರೆ, ಹೆಚ್ಚಿದ ಹಣ್ಣು. ಎಲ್ಲ ಕೂಡಿಸಿ ತಣ್ಣಗೆ ಮಾಡಿದರೆ ಮುಗಿಯಿತು. ಧಾರವಾಡದಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನಲ್ಲಿ ಕಲಿತದ್ದು. ಓಣಿಯೆಲ್ಲ ಹೊಗಳಿದರೂ ಅತ್ತೆಯವರು ಮಾತ್ರ ಬಾಯಿಗಿಟ್ಟಿರಲಿಲ್ಲ. "ಕಾಲೇಜಿನ ಅಡಿಗಿ ನನಗ ಒಗ್ಗಂಗಿಲ್ಲವಾ" ಎನ್ನುತ್ತಿದ್ದರು. ಒಂದು ಬಟ್ಟಲಾದರೂ ತಿನ್ನಿಸಿಯೇ ತೀರಬೇಕೆಂದು ನನಗೂ ಹಟ.

೧. ಯಾರ ಕೂಸು?

ನಾವು ವಿಜಾಪುರದಲ್ಲಿ, ಅತ್ತೆಯವರು ಇದ್ದದ್ದು ತಿಕೋಟಾದಲ್ಲಿ. ಸೊಲ್ಲಾಪುರ ರಸ್ತೆಯ ಐಸಿನ ಕಾರ್ಖಾನೆಯಿಂದ ದೊಡ್ಡ ಗಡ್ಡೆ ತರಿಸಿ, ಕಟ್ಟಿಗೆಪುಡಿ ಹಾಕಿ, ಗೋಣಿಚೀಲದಲ್ಲಿ ಸುತ್ತಿ ಯಜಮಾನರ ಜೊತೆ ಬಸ್ಸು ಹತ್ತಿದೆ. ತೊರವಿ ಹತ್ತಿರ ಟೈರು ಪಂಕ್ಚರ್. ಒಂದು ತಾಸು ಬಿಸಿಲಲ್ಲಿ ನಿಂತೆವು. ಮತ್ತೆ ಹೊರಟಾಗ ಮುಂದಿನ ಸೀಟಿನ ಮುದುಕ ಕಾಲಡಿ ಹರಿದ ನೀರಿಗೆ ತೊಯ್ದ ಧೋತರ ಎತ್ತಿ ಹಿಡಿದು ಚೀರಿದ: "ಯವ್ವಾ! ಯಾರ ಕೂಸು ಬೇ ಇದು?"

ಬಸ್ಸಿನಲ್ಲಿದ್ದ ತಾಯಂದಿರೆಲ್ಲ ತಂತಮ್ಮ ಕೂಸುಗಳನ್ನು ಎತ್ತಿ ಮುಟ್ಟಿ ನೋಡಿಕೊಂಡರು. ಯಜಮಾನರು ಕಿಟಕಿಯಾಚೆ ನೋಡುತ್ತ ಕುಳಿತರು.

ತಿಕೋಟಾದಲ್ಲಿ ಅತ್ತೆಯವರು ಚೀಲ ಬಿಚ್ಚಿ ನೋಡಿದರು. "ತೊಯ್ದ ಕಟ್ಟಿಗಿಪುಡಿ ತರಾಕ ಇಬ್ಬರು ಬೇಕಾಗಿತ್ತೇನ್ರಿ?"

೨. ಎಲ್ಲರಿಗೂ ಉಪಾಸ

ಮರುವರ್ಷ ಅತ್ತೆಯವರೇ ವಿಜಾಪುರಕ್ಕೆ ಬಂದರು. ನನಗೆ ಇದೇ ಅವಕಾಶ. ಅವರು ತಲೆಯಾಡಿಸಿದರು: "ಸಾಬುದಾಣಿ ಉಪಾಸದ್ದು. ಸುಮ್ಮ ಸುಮ್ಮನ ಹ್ಯಾಂಗ ತಿನ್ನಲಿ?"

ಸರಿ, ಸೋಮವಾರ ಅವರ ಉಪವಾಸಕ್ಕೆಂದೇ ಮಾಡಿಟ್ಟೆ. ಹುಟ್ಟಿದಾಗಿನಿಂದ ಒಂದು ಹೊತ್ತಿನ ಊಟವನ್ನೂ ಬಿಡದ ಯಜಮಾನರು ಮುಂಜಾನೆಯೇ "ಇವತ್ತ ನಂದೂ ಉಪಾಸ" ಎಂದರು. ಬಾಜೂಮನೆಯ ವಕೀಲರೂ ಭಕ್ತಿಯಿಂದ ಬಟ್ಟಲು ಹಿಡಿದುಕೊಂಡೇ ಬಂದರು. ಅತ್ತೆಯವರು ಪೂಜೆ ಮುಗಿಸಿ ಏಳುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು.

"ಇರಲಿ ಬಿಡವಾ. ಮನಿಯಾಗ ಒಬ್ಬರರ ಖರೇ ಉಪಾಸ ಮಾಡಬೇಕಲ್ಲ" ಎಂದರು.

ಯಜಮಾನರು ಒಳಗೆ ಇಣುಕಿ ಕೇಳಿದರು: "ಉಪಾಸ ಮುಗೀತು. ರೊಟ್ಟಿ ಆಗ್ಯಾವೇನು?"

೩. ಬಾವಿಯೊಳಗಿನ ಡಬ್ಬಿ

ಮೂರನೆಯ ಬೇಸಿಗೆಗೆ ನಾವೆಲ್ಲ ಬಬಲೇಶ್ವರದ ನಾದಿನಿಯ ಮನೆಯಲ್ಲಿದ್ದೆವು. ಅಲ್ಲಿ ಐಸು ಎಲ್ಲಿಂದ ಬರಬೇಕು? ಹಿತ್ತಲಲ್ಲಿ ಬಾವಿ ಇತ್ತು. ಬಿಗಿ ಮುಚ್ಚಳದ ಹಿತ್ತಾಳೆ ಡಬ್ಬಿಗೆ ಸಾಬುದಾಣಿ ತುಂಬಿ, ಹಗ್ಗ ಕಟ್ಟಿ, ಅರ್ಧ ನೀರಲ್ಲಿ ಮುಳುಗುವಂತೆ ಇಳಿಬಿಟ್ಟೆ. ಆ ದಿನವೂ ಸೋಮವಾರವೇ. ಅತ್ತೆಯವರು ಬೇವಿನ ನೆರಳಿಗೆ ಹೊರಸು ಹಾಕಿಸಿಕೊಂಡು, "ನಾ ಕಾಯ್ತೀನಿ. ನೀವು ಮಲಕ್ಕೋ ಹೋಗ್ರಿ" ಎಂದರು.

ಸಂಜೆ ನಾಲ್ಕಕ್ಕೆ ಓಣಿಯ ಐದು ಮಂದಿ ಹೆಂಗಸರನ್ನು ಕರೆದಿದ್ದೆ. ಐಸಿಲ್ಲದೆ ಪದಾರ್ಥ ತಣ್ಣಗಾಗುವ ರೀತಿಯನ್ನು ಅವರಿಗೆ ವಿವರಿಸುತ್ತಲೇ ಹಗ್ಗ ಜಗ್ಗಿದೆ. ಭಾರವಾಗಿಯೇ ಬಂತು. ಮುಚ್ಚಳ ತೆಗೆದೆ.

ಥಳಥಳ ತೊಳೆದ ಡಬ್ಬಿ. ಒಳಗೆ ಒಂದು ಗುಂಡುಕಲ್ಲು.

ಅತ್ತೆಯವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ತಣ್ಣಗ ಆಗೇತೋ ಇಲ್ಲೋ ಅಂತ ನೋಡಿದ್ನವಾ. ಆರು ಸಲ ನೋಡಬೇಕಾತು. ಸಕ್ಕರಿ ಒಂದ್ ಚೂರು ಹೆಚ್ಚಾಗೇತಿ."

"ಮತ್ತ ಈ ಕಲ್ಲು ಯಾಕ್ರಿ ಅತ್ತಿ?"

"ಖಾಲಿ ಡಬ್ಬಿ ತೇಲತೈತಿ, ಹಗ್ಗ ಸಡ್ಲಾಗಿ ನಿಮಗ ಗೊತ್ತಾಗತೈತಿ. ಬಿ.ಎ. ಓದೀ, ಅಷ್ಟೂ ತಿಳಿಯಂಗಿಲ್ಲೇನ ಬೇ?"

ಆ ದಿನದ ಡೈರಿಯಲ್ಲಿ ಬರೆದಿದ್ದೇನೆ: ಹಾಲು ಒಂದು ಸೇರು, ಸಾಬುದಾಣಿ ಅರ್ಧ ಪಾವು, ಬಾಳೆಹಣ್ಣು ಆರು, ದಾಳಿಂಬೆ ಎರಡು, ಸಕ್ಕರೆ ಮನೆಯದು. ಬಂದ ಹೆಂಗಸರಿಗೆ ಚಹಾ, ಐದು ಕಪ್ಪು. ಐಸು ಇಲ್ಲ. ಒಟ್ಟು ಖರ್ಚು: ಎರಡು ರೂಪಾಯಿ ನಲವತ್ತು ಪೈಸೆ, ಮತ್ತು ಮೂರು ಬೇಸಿಗೆ.